ನಿಂತವನ ಜಾಗ

ಮರೆತು ಕೂತೆನೋ, ಬೇಕೆಂದೇ ಕೂತೆನೋ? ಇದೊಂದು ಇತ್ಯರ್ಥವಾದರೆ ಉಳಿದದ್ದೆಲ್ಲ ತಾನಾಗಿ ತಿಳಿಯಾಗುತ್ತದೆ ಎಂದು ಎಷ್ಟೋ ದಿನ ನನಗೆ ನಾನೇ ಹೇಳಿಕೊಂಡಿದ್ದೇನೆ. ಮರೆತು ಕೂತಿದ್ದರೆ ನಾನು ಪೆದ್ದ, ಅಷ್ಟೆ. ಬೇಕೆಂದೇ ಕೂತಿದ್ದರೆ ಅದಕ್ಕೆ ಏನು ಹೆಸರಿಡಬೇಕೋ ನನಗೆ ಗೊತ್ತಿಲ್ಲ. ಆ ಭಾನುವಾರ ಬೆಳಿಗ್ಗೆ ಗಿಟಾರನ್ನು ಹೆಗಲಿಗೆ ಹಾಕಿಕೊಂಡು ನಿಂತಿದ್ದೆ, ಬಲಗಾಲಿನ ಮಂಡಿ ನೋಯುತ್ತಿತ್ತು, ಬೆನ್ನ ಹಿಂದೆ ಮೊಳಕಾಲೆತ್ತರದ ಒಂದು ಹೊನ್ನೆ ಮರದ ದಿಮ್ಮಿ ಇತ್ತು. ಇಷ್ಟು ನಿಜ. ದಿಮ್ಮಿಯ ಮೇಲ್ಮೈ ಸವೆದು ನುಣ್ಣಗಾಗಿತ್ತು. ಡ್ರಮ್ಮಿನ ಹಿಂದಿದ್ದ ವಿನುತ ಕೋಲುಗಳನ್ನು ಒಂದಕ್ಕೊಂದು ಬಡಿದು ನಾಲ್ಕು ಎಣಿಸಿದಳು. ಎರಡಕ್ಕೂ ಮೂರಕ್ಕೂ ನಡುವೆ ನಾನು ಕೂತಿದ್ದೆ.

ನಮ್ಮ ಬ್ಯಾಂಡಿನ ಹೆಸರು 'ಗರಗಸ'. ಕಟ್ಟಿದವನು ಕೊಟ್ರೇಶ. ಅವನ ಸೋದರಮಾವನ ಸಾಮಿಲ್ಲಿನ ಹಿಂದಿನ ಶೆಡ್ಡಿನಲ್ಲಿ ನಮ್ಮ ಅಭ್ಯಾಸ. ಥ್ರ್ಯಾಶ್ ಮೆಟಲ್ ಎಂಬ ಅಬ್ಬರದ ಸಂಗೀತ ನುಡಿಸುವವರಿಗೆ ಅದಕ್ಕಿಂತ ಒಳ್ಳೆಯ ಜಾಗ ನಮ್ಮ ಊರಿನಲ್ಲಿ ಇರಲಿಲ್ಲ. ವಾರವಿಡೀ ಮರ ಕೊಯ್ಯುವ ಸದ್ದಿಗೆ ಪಕ್ಕದ ಬೀದಿಯವರ ಕಿವಿ ಮೊದಲೇ ಜಡ್ಡುಗಟ್ಟಿತ್ತು. "ಮಿಲ್ಲು ಯಾವಾಗ ನಿಂತಿತು, ನಿಮ್ಮ ಹಾಡು ಯಾವಾಗ ಶುರುವಾಯ್ತು ಅಂತ ತಿಳಿಯಲ್ಲ ಕಣ್ರಪ್ಪ. ಹಾಡಲ್ಲಿ ಒಂದು ಪದಾನಾದ್ರೂ ಕಿವಿಗೆ ಬೀಳಬಾರದಾ?" ಎಂದು ಚಹದಂಗಡಿಯ ಗಿಡ್ಡಯ್ಯ ಕೇಳುತ್ತಿದ್ದ. ಆ ಪದಗಳನ್ನು ಬರೆಯುತ್ತಿದ್ದವನು ನಾನು. ಎಂ.ಎ. ಮುಗಿಸಿ, ಕರಿಬಸಯ್ಯನವರ ಪ್ರೆಸ್ಸಿನಲ್ಲಿ ಲಗ್ನಪತ್ರಿಕೆಗಳ ಕರಡು ತಿದ್ದಿಕೊಂಡಿದ್ದೆ. ಯಾರಿಗೂ ಕೇಳಿಸದ ಸಾಲುಗಳನ್ನು ಬರೆಯುವುದು ನನ್ನ ಸ್ವಭಾವಕ್ಕೆ ಒಗ್ಗಿತ್ತು.

ಮೊದಲ ಆಲ್ಬಮ್ ಮಾಡಿದಾಗ ನಾಲ್ವರಿದ್ದರು. ಹಾಡುವುದಕ್ಕೆ ಕೊಟ್ರೇಶ, ಬಾಸ್ ಗಿಟಾರಿಗೆ ಮೈಕ್‌ಸೆಟ್ ಅಂಗಡಿಯ ಮಕ್ಬೂಲ್, ಡ್ರಮ್ಮಿಗೆ ಡೊಮಿನಿಕ್, ಲೀಡ್ ಗಿಟಾರಿಗೆ ಉಮಾಪತಿ. ಎರಡನೆಯದಕ್ಕೆ ಎಂಟು ಹಾಡು ಸಿದ್ಧವಾಗುತ್ತಿದ್ದಂತೆ ಡೊಮಿನಿಕ್ ಮದುವೆಯಾಗಿ ಹೆಂಡತಿಯ ಊರಿಗೆ ಹೊರಟ. ಹೊರಡುವ ಮೊದಲು, ನಮ್ಮ ಊರಿನಲ್ಲಿ ಎಲ್ಲರೂ ಮಾಡುವ ಹಾಗೆ, ತನ್ನ ಜಾಗವನ್ನು ಒಪ್ಪಿಸಿದ. ತನ್ನ ಬದಲಿಗೆ ಬರಲಿದ್ದ ವಿನುತಳನ್ನು ಎದುರಿಗೆ ಕೂರಿಸಿಕೊಂಡು ಬೆಳಿಗ್ಗೆಯಿಂದ ದೀಪ ಹಚ್ಚುವ ಹೊತ್ತಿನವರೆಗೆ ತನ್ನೊಳಗಿದ್ದದ್ದನ್ನೆಲ್ಲ ಬಾಯಿಬಿಟ್ಟು ಹೇಳಿದ. ಹಲ್ಲಿ ಕಂಡರೆ ಹೆದರಿಕೆ, ಚಿಕ್ಕಂದಿನಲ್ಲಿ ತಮ್ಮನನ್ನು ಮೆಟ್ಟಿಲಿಂದ ತಳ್ಳಿದ್ದು, ಇಗರ್ಜಿಯಲ್ಲಿ ಪ್ರಾರ್ಥನೆಯ ನಡುವೆ ನಗು ಬರುವುದು, ಎಲ್ಲ. ಹೇಳಿದ್ದು ಹೇಳಿದವನ ಜೊತೆ ಹೋಗುತ್ತದೆ, ಹೇಳದೆ ಉಳಿದದ್ದು ಜಾಗದಲ್ಲಿ ಉಳಿದು, ಆಮೇಲೆ ಅಲ್ಲಿ ಕೂತವರಿಗೆ ಬರುತ್ತದೆ. ಡೊಮಿನಿಕ್ ಬದನೆಕಾಯಿಯ ವಿಷಯ ಮರೆತಿದ್ದ. ಹದಿನೈದು ದಿನದಲ್ಲಿ ವಿನುತ ಎಣ್ಣೆಗಾಯಿಯ ತಟ್ಟೆಯನ್ನು ದೂರ ತಳ್ಳಿದಳು. "ಆ ಡ್ರಮ್ಮಿನೋನ ನಾಲಿಗೆ ನಿನಗ್ಯಾಕೆ ಬಂತೇ ಹಾಳಾದೋಳೇ!" ಎಂದು ಅವಳ ತಾಯಿ ಬೀದಿಗೆಲ್ಲ ಕೇಳುವಂತೆ ಬೈದರು. ಅದಕ್ಕೆ ಯಾರೂ ಆಶ್ಚರ್ಯಪಡಲಿಲ್ಲ. ಅಂಚೆ ಕಚೇರಿಗೆ ಬಂದ ಹೊಸ ಗುಮಾಸ್ತ ಎರಡೇ ವಾರದಲ್ಲಿ ಹಳಬರ ಹಾಗೆ ಎಡಗೈಯಿಂದ ಮುದ್ರೆ ಒತ್ತುತ್ತಾನೆ. ಎರಡನೆಯ ಹೆಂಡತಿಯಾಗಿ ಬಂದವಳು ಒಲೆಯ ಮುಂದಿನ ಮಣೆಯ ಮೇಲೆ ಕೂತ ಮೂರನೆಯ ದಿನ, ಮೊದಲನೆಯವಳು ಜಾಯಿಕಾಯಿಯನ್ನು ಎಲ್ಲಿ ಬಚ್ಚಿಟ್ಟಿದ್ದಳೋ ಅಲ್ಲಿಗೇ ಕೈ ಹಾಕುತ್ತಾಳೆ. ಇದರೊಂದಿಗೆ ಬದುಕುವುದನ್ನು ನಮ್ಮ ಊರು ಕಲಿತಿದೆ.

ಆದರೆ ಸತ್ತವರು ಒಪ್ಪಿಸಲಾರರು. ಅದಕ್ಕೇ ಸತ್ತವರ ಜಾಗದ ಮೇಲೆ ಒಂದು ವರ್ಷ ಕಲ್ಲಿಡುತ್ತಾರೆ. ಜಾಗದಲ್ಲಿರುವುದನ್ನು ಕಲ್ಲು ಹೀರಿಕೊಳ್ಳುತ್ತದೆ, ಆಮೇಲೆ ಅದನ್ನು ಹೊಳೆಗೆ ಹಾಕುತ್ತಾರೆ. ಕಲ್ಲಿಡದೆ ಕೂತವರ ಪೈಕಿ ನಾವೆಲ್ಲ ಕಂಡದ್ದು ಶಾಲೆಯ ಡ್ರಾಯಿಂಗ್ ಮಾಸ್ತರರನ್ನು. ಅವರು ಹೊರಗಿನಿಂದ ಬಂದವರು, ಇದನ್ನೆಲ್ಲ ನಂಬುತ್ತಿರಲಿಲ್ಲ. ಜ್ವರದಲ್ಲಿ ಸತ್ತಿದ್ದ ಹಿಂದಿನ ಮಾಸ್ತರರ ಕುರ್ಚಿಯಲ್ಲಿ ನಗುತ್ತಲೇ ಕೂತರು. ಮುಂದಿನ ವರ್ಷ ಅದೇ ತಿಂಗಳು, ಅದೇ ಜ್ವರ, ಕೊನೆಗೆ ಅದೇ ಬಡಬಡಿಕೆ. ಹಿಂದಿನವರ ಮಗಳ ಹೆಸರನ್ನು ಕನವರಿಸುತ್ತ ಕಣ್ಣು ಮುಚ್ಚಿದರು.

ಉಮಾಪತಿ ಸತ್ತದ್ದು ಒಂದು ಬುಧವಾರ. ಊರಾಚೆ ಕೆಲಸ ನಿಂತುಹೋದ ಕಲ್ಲು ಕ್ವಾರಿಯ ತಳದ ನೀರಿನಲ್ಲಿ ಅವನ ಹೆಣ ಗುರುವಾರ ಬೆಳಿಗ್ಗೆ ಆಡು ಕಾಯುವವರಿಗೆ ಕಂಡಿತು. ಕ್ವಾರಿಯ ಅಂಚಿನಲ್ಲಿ ಚಪ್ಪಲಿಗಳನ್ನು ಜೋಡಿಸಿ ಬಿಟ್ಟಿದ್ದ. ಆ ಜೋಡಿಸಿಟ್ಟ ಚಪ್ಪಲಿಗಳೇ ಮಾತಿಗೆ ದಾರಿಯಾದವು. ಜಾರಿ ಬೀಳುವವನು ಚಪ್ಪಲಿ ಬಿಟ್ಟು ಜೋಡಿಸುತ್ತಾನೆಯೇ ಎಂದು ಕೆಲವರು ಮೆಲ್ಲಗೆ ಅಂದರು. ಅವನಿಗಿದ್ದವಳು ಒಬ್ಬಳೇ ಅಕ್ಕ, ಬಟ್ಟೆ ಹೊಲಿಯುವ ಅಂಬುಜಕ್ಕ. ತಾಯಿ ಸತ್ತಾಗ ಏಳು ವರ್ಷದವನಾಗಿದ್ದ ತಮ್ಮನನ್ನು ಅವಳೇ ಸಾಕಿದ್ದಳು. ಅವರು ಮೆಲ್ಲಗೆ ಅಂದದ್ದು ಅವಳ ಕಿವಿಗೂ ಬಿದ್ದಿತ್ತು.

ತಿಂಗಳಾದ ಮೇಲೆ ಕೊಟ್ರೇಶ ನಮ್ಮನ್ನೆಲ್ಲ ಶೆಡ್ಡಿಗೆ ಕರೆಸಿದ.

"ಏಳು ಹಾಡು ಮುಗಿದಾವೆ. ಎಂಟನೇದು ಅರ್ಧ ಐತೆ. ಲೀಡ್ ಎಲ್ಲ ಹೊಸದಾಗಿ ರೆಕಾರ್ಡ್ ಮಾಡಬೇಕು. ಮುಕುಂದ, ಅವನ ಹತ್ರಾನೇ ಗಿಟಾರ್ ಕಲ್ತೋನು ನೀನು, ನಿನಗೆ ಅವನ ಬೆರಳೆಲ್ಲ ಗೊತ್ತು. ನೀನೇ ನುಡಿಸು," ಎಂದ ನನಗೆ.

"ಕಲ್ಲು?" ಎಂದಳು ವಿನುತ.

"ಎಲ್ಲಿಡ್ತೀಯಾ ಕಲ್ಲು? ಅವನು ಆರು ವರ್ಷ ನಿಂತೇ ನುಡಿಸಿದೋನು. ಕೂತೋನಿಗೆ ಜಾಗ ಕಣವ್ವ. ನಿಂತೋನಿಗೆ ಎಲ್ಲೀದು? ಬಸ್ ಕಂಡಕ್ಟರ್‌ಗೆ ಯಾವನಾದ್ರೂ ಕಲ್ಲಿಡ್ತಾನಾ? ತಳ್ಳೋಗಾಡಿಯೋರಿಗೆ?"

ಅದು ಊರು ಒಪ್ಪಿದ ಮಾತೇ. ನಿಂತು ದುಡಿಯುವವರು ಯಾವ ಒಪ್ಪಿಸುವಿಕೆಯೂ ಇಲ್ಲದೆ ಬರುತ್ತಾರೆ, ಹೋಗುತ್ತಾರೆ.

"ಅಲ್ಲಿ ದಿಮ್ಮಿ ಮೇಲೆ ಕೂರ್ತಿದ್ನಲ್ಲ," ಎಂದಳು ವಿನುತ.

"ತಂತಿ ಬಿಗಿಯೋಕೆ ಎರಡು ನಿಮಿಷ ಕೂತ್ರೆ ಅದೂ ಜಾಗಾನಾ?" ಎಂದ ಮಕ್ಬೂಲ್. "ಹಂಗಾದ್ರೆ ನನ್ನಂಗಡಿ ಸ್ಟೂಲ್ ಮೇಲೆ ಕೂತೋರೆಲ್ಲ ಮನೆಗೆ ಹೋಗಿ ಹೆಂಡ್ತಿ ಮುಂದೆ ಹಲೋ ಮೈಕ್ ಟೆಸ್ಟಿಂಗ್ ಅಂತಿರಬೇಕಿತ್ತು."

ಎಲ್ಲರೂ ನಕ್ಕರು. ನಾನೂ ನಕ್ಕೆ. ಅವನು ಅಲ್ಲಿ ಎರಡು ನಿಮಿಷ ಕೂರುತ್ತಿರಲಿಲ್ಲ ಎಂಬುದು ನನಗೊಬ್ಬನಿಗೇ ಗೊತ್ತಿತ್ತು. ವಾರದ ದಿನಗಳಲ್ಲಿ, ಮಿಲ್ಲು ಓಡುತ್ತಿರುವಾಗ, ಅವನು ಒಬ್ಬನೇ ಬಂದು ಆ ದಿಮ್ಮಿಯ ಮೇಲೆ ಗಂಟೆಗಟ್ಟಲೆ ಕೂರುತ್ತಿದ್ದ. ಗರಗಸ ಮರಕ್ಕೆ ಕಚ್ಚುವ ಲಯವನ್ನು ಗಿಟಾರಿನ ಮೇಲೆ ಹಿಡಿಯುತ್ತಿದ್ದ. ಅಂಗೈ ಅಂಚಿನಿಂದ ತಂತಿಯನ್ನು ಅದುಮಿ, ಬಲಗೈಯನ್ನು ಕೆಳಮುಖವಾಗಿಯೇ ಬಡಿಯುತ್ತ ಬಡಿಯುತ್ತ, "ನೋಡು ದೊರೆ, ಈ ಮತ್ತಿ ಮರ ಹೆಂಗೆ ಅಳ್ತದೆ" ಎನ್ನುತ್ತಿದ್ದ. ಎಲ್ಲರನ್ನೂ ಅವನು ಕರೆಯುತ್ತಿದ್ದದ್ದು ದೊರೆ ಎಂದೇ. ಪ್ರೆಸ್ಸಿನಿಂದ ಬರುವಾಗ ಸಾಲುಗಳನ್ನು ಬರೆದ ಹಾಳೆ ಹಿಡಿದು ನಾನು ಅವನ ಎದುರು ನಿಲ್ಲುತ್ತಿದ್ದೆ. ಎರಡನೆಯ ಆಲ್ಬಮ್ಮು ಪೂರ್ತಿ ಹುಟ್ಟಿದ್ದು ಆ ದಿಮ್ಮಿಯ ಮೇಲೆ. ನಾನು ಅದನ್ನು ಆ ದಿನ ಹೇಳಬಹುದಿತ್ತು.

ಅಂಬುಜಕ್ಕನ ಒಪ್ಪಿಗೆ ಕೇಳಲು ಹೋದಾಗ ಅವಳು ಹೊಲಿಗೆ ಯಂತ್ರದ ಪೆಡಲ್ ನಿಲ್ಲಿಸಲಿಲ್ಲ. ಕೊಟ್ರೇಶ ನಿಂತವನ ಜಾಗದ ಮಾತನ್ನೆಲ್ಲ ಹೇಳಿ ಮುಗಿಸಿ ಮುಂದೆ ನಡೆದ. ನನ್ನನ್ನು ಅವಳು ಬಾಗಿಲಲ್ಲಿ ತಡೆದಳು.

"ಕಲ್ಲಿಡಬೇಡ್ರಿ," ಎಂದಳು. "ಮನೇಲಿ ನಾನೂ ಇಟ್ಟಿಲ್ಲ ಮುಕುಂದ. ಅವನ ಮಣೆ ಮೇಲೆ ನಾನೇ ಕೂತೆ, ಮೂರು ವಾರ. ಏನಾದ್ರೂ ತಿಳೀತದೇನೋ ಅಂತ. ಮನೇಲಿ ಅವನು ಊಟಕ್ಕೆ ಬಿಟ್ಟು ಕೂತೋನೇ ಅಲ್ಲ. ನನಗೆ ಬಂದದ್ದು ಹಸಿವು ಒಂದೇ."

ಅವಳು ಸೆರಗಿನಿಂದ ಬಾಯಿ ಒರೆಸಿಕೊಂಡಳು. ಆಗಲೂ ಏನೋ ಅಗಿಯುತ್ತಿದ್ದಳು.

"ನಿನಗೆ ಏನಾದ್ರೂ ಬಂದ್ರೆ ನನಗೆ ಹೇಳಪ್ಪ. ಕಾಲು ಜಾರಿತಾ, ಇಲ್ಲ ತಾನಾಗಿಯೇ ಹೋದನಾ. ಅಷ್ಟು ತಿಳಿದ್ರೆ ಸಾಕು. ನಾನು ಬೈದಿದ್ದೆ ಅವತ್ತು. ಮೂವತ್ತಾಯ್ತು, ಇನ್ನೂ ಆ ತಂತಿ ಕೆರೆಯೋದೇ ಆಯ್ತಲ್ಲ ಅಂತ ಬೈದು ಕಳಿಸಿದ್ದೆ."

"ನಿಂತೋನಿಂದ ಏನೂ ಬರಲ್ಲಕ್ಕ," ಎಂದೆ.

"ಹೂಂ," ಎಂದಳು ಅವಳು, ನನ್ನ ಮುಖವನ್ನೇ ನೋಡುತ್ತ.

ಇನ್ನೊಂದು ಸಂಗತಿಯನ್ನು ಇಲ್ಲೇ ಹೇಳಿಬಿಡುವುದು ಒಳ್ಳೆಯದು. ನಮ್ಮ ಸಂಗೀತದಲ್ಲಿ ಗಂಟಲು ಹರಿಯುವಂತೆ ಕಿರುಚಬೇಕಾಗುತ್ತದೆ. ಅದಕ್ಕೂ ಸಾಧನೆ ಬೇಕು. ಮನೆಯಲ್ಲಿ ಕಿರುಚಿದರೆ ನೆರೆಯವರು ಓಡಿಬರುತ್ತಾರೆಂದು ಕೊಟ್ರೇಶ ಕ್ವಾರಿಗೆ ಹೋಗಿ ಕಿರುಚುತ್ತಿದ್ದ. ಕೆಲವೊಮ್ಮೆ ಮಕ್ಬೂಲನೂ ಹೋಗುತ್ತಿದ್ದ, ಕೆಲವೊಮ್ಮೆ ಉಮಾಪತಿ. ಕಲ್ಲಿನ ಗೋಡೆಗಳು ಸದ್ದನ್ನು ದುಂಡಗೆ ಮಾಡಿ ವಾಪಸು ಕೊಡುತ್ತಿದ್ದವು. ಐದಾರು ವರ್ಷದಿಂದ ಕ್ವಾರಿಯ ಕಡೆಯ ಬೀದಿಗಳಿಗೆ ಅದು ಅಭ್ಯಾಸವಾಗಿತ್ತು. ಪ್ರೆಸ್ಸಿನ ಹಿಂದಿನ ಕಿಟಕಿ ಆ ಕಡೆಗೇ ಇದೆ. ಆ ಬುಧವಾರ ಮೂರೂವರೆಯ ಹೊತ್ತಿಗೆ ಕಿರುಚಾಟ ಕೇಳಿಸಿತು. "ನಿಮ್ಮೋರು ಶುರು ಮಾಡಿದ್ರು ನೋಡಪ್ಪ," ಎಂದರು ಕರಿಬಸಯ್ಯನವರು. ನಾನು ಕರಡಿನಿಂದ ತಲೆ ಎತ್ತಿ ಸ್ವಲ್ಪ ಹೊತ್ತು ಕಿವಿಗೊಟ್ಟೆ. ಪದ ಕೇಳಿಸುತ್ತಿರಲಿಲ್ಲ, ಬರೀ ಸ್ವರ. ಎದೆಯಾಳದಿಂದ ಬರುತ್ತಿತ್ತು. "ಇವತ್ತು ಚೆನ್ನಾಗಿ ಬರ್ತಿದೆ," ಎಂದೆ. ಮತ್ತೆ ಲಗ್ನಪತ್ರಿಕೆಗೆ ಬಗ್ಗಿದೆ. ಕೊಟ್ರೇಶ ಅವತ್ತು ಮರ ಕೊಳ್ಳಲು ಬೇರೆ ಊರಿಗೆ ಹೋಗಿದ್ದನೆಂದು ನನಗೆ ತಿಳಿದದ್ದು ಮರುದಿನ, ಹೆಣ ಸಿಕ್ಕಿದ ಮೇಲೆ. ನಮ್ಮ ಬೀದಿಯಲ್ಲಿ ಹತ್ತಿಪ್ಪತ್ತು ಜನಕ್ಕಾದರೂ ಕೇಳಿಸಿರಬೇಕು. ಒಬ್ಬರೂ ಆ ಮಾತೆತ್ತಲಿಲ್ಲ. ಕರಿಬಸಯ್ಯನವರು ಹಿಂದಿನ ಕಿಟಕಿ ಮುಚ್ಚಿ, ಅದಕ್ಕೆ ಅಡ್ಡಲಾಗಿ ಕಾಗದದ ರೀಮುಗಳನ್ನು ಪೇರಿಸಿದರು.

ಆದ್ದರಿಂದ ದಿಮ್ಮಿಯ ಮೇಲೆ ಕೂತಾಗ ನನಗೆ ಏನು ಬರಬಹುದೆಂದು ನಾನು ತಿಳಿಯದವನಾಗಿರಲಿಲ್ಲ. ಮರೆತು ಕೂತೆನೋ, ಬೇಕೆಂದೇ ಕೂತೆನೋ ಎಂದು ಈಗಲೂ ಕೇಳಿಕೊಳ್ಳುವುದು ಇದಕ್ಕೇ.

ಮೊದಲ ವಾರ ಬಂದದ್ದು ಸಣ್ಣಪುಟ್ಟದ್ದು. ಗಿಡ್ಡಯ್ಯನ ಅಂಗಡಿಯಲ್ಲಿ ಚಹ ಬಾಯಿಗಿಟ್ಟವನು ಸಕ್ಕರೆ ಎಂದು ಉಗಿದೆ. ಉಮಾಪತಿ ಸಕ್ಕರೆ ಹಾಕಿದ್ದನ್ನು ಕುಡಿಯುತ್ತಿರಲಿಲ್ಲ. ಗಿಡ್ಡಯ್ಯ ನನ್ನನ್ನೇ ನೋಡಿದ. ಲೋಟ ತೊಳೆದು ಬೇರೆ ಮಾಡಿಕೊಟ್ಟ. ಮರುದಿನದಿಂದ ನಾನು ಕೇಳದೆಯೇ ಸಕ್ಕರೆಯಿಲ್ಲದ್ದು ಬಂತು. ಬೆಂಚಿನ ಮೇಲೆ ನನ್ನ ಪಕ್ಕ ಕೂರುತ್ತಿದ್ದವರು ಎದ್ದು ನಿಂತು ಕುಡಿಯತೊಡಗಿದರು. ಎರಡನೆಯ ವಾರ ಪ್ರೆಸ್ಸಿನಲ್ಲಿ ಕರಡು ಒಪ್ಪಿಸುತ್ತ, "ತಗೊಳ್ಳಿ ದೊರೆ," ಎಂದೆ. ಕರಿಬಸಯ್ಯನವರು ಕರಡನ್ನು ಓದದೆ ಮೇಜಿನ ಮೇಲಿಟ್ಟರು. ಅವತ್ತು ಸಂಜೆ ಅವರು ನನ್ನ ಮೇಜನ್ನು ಮುಂಬಾಗಿಲ ಹತ್ತಿರಕ್ಕೆ ಸರಿಸಿದರು. "ಗಾಳಿ ಬರ್ತದೆ ಅಲ್ಲಿ," ಎಂದರು.

ಭಾನುವಾರಗಳಲ್ಲಿ ಮಿಲ್ಲು ನಿಂತಿರುತ್ತಿದ್ದರಿಂದ ಅವತ್ತೇ ರೆಕಾರ್ಡಿಂಗ್. ಮಕ್ಬೂಲ್ ತನ್ನ ಅಂಗಡಿಯ ಮಿಕ್ಸರ್ ತಂದು, ಶೆಡ್ಡಿನ ಗೋಡೆಗೆಲ್ಲ ಹಳೆಯ ಕೌದಿ ಕಟ್ಟಿದ್ದ. ವಾರಕ್ಕೆ ಎರಡು ಮೂರು ಹಾಡು ಮುಗಿಯುತ್ತ ಬಂದವು. ಉಮಾಪತಿ ಕಲಿಸಿದ್ದರೂ ನನಗೆಂದೂ ಹಿಡಿತಕ್ಕೆ ಸಿಗದಿದ್ದ ವೇಗ ಈಗ ಸಿಕ್ಕಿತು. ಬಲಗೈ ಸೋಲುತ್ತಿರಲಿಲ್ಲ. ಕೊಟ್ರೇಶ ಕುಣಿದಾಡಿದ. "ಎಲ್ಲಿ ಬಚ್ಚಿಟ್ಟಿದ್ಯಲೇ ಇಷ್ಟು ದಿನ!" ಎಂದ. ವಿನುತ ಮಾತ್ರ ಡ್ರಮ್ಮಿನ ಹಿಂದಿನಿಂದ ನಾನು ಕೂತ ಭಂಗಿಯನ್ನೇ ನೋಡುತ್ತಿದ್ದಳು.

ಮೂರನೆಯ ವಾರ ಕಾಲಿಗೆ ಬಂತು. ಮಧ್ಯಾಹ್ನ ಊಟಕ್ಕೆಂದು ಪ್ರೆಸ್ಸಿನಿಂದ ಹೊರಬಿದ್ದವನಿಗೆ ಮುಂದಿನದು ನೆನಪಿಲ್ಲ. ಅಂಗಾಲು ಸುಡುತ್ತಿದೆಯಲ್ಲ ಎಂದು ಎಚ್ಚರವಾದಾಗ ಕಣ್ಣ ಮುಂದೆ ನೆಲ ಇರಲಿಲ್ಲ. ಕ್ವಾರಿಯ ಬಾಯಿ. ಕೆಳಗೆ ಹಸಿರು ನೀರು, ಅದರಲ್ಲಿ ತುಂಡು ಆಕಾಶ. ಚಪ್ಪಲಿಗಳು ಎರಡು ಹೆಜ್ಜೆ ಹಿಂದೆ ಜೋಡಿಯಾಗಿ ಕೂತಿದ್ದವು. ನಾನು ಬಿಟ್ಟದ್ದು ನೆನಪಿರಲಿಲ್ಲ. ಇಳಿಯಬೇಕು ಎಂದು ಕಾಲು ಹೇಳುತ್ತಿತ್ತು. ಹಾರು ಎಂದಲ್ಲ, ಇಳಿ ಎಂದು. ಎಡಗಡೆ ಕಲ್ಲಿನಲ್ಲಿ ಕಾಲಿಡುವಷ್ಟು ಕೊರೆದ ಜಾಗಗಳು ಎಲ್ಲೆಲ್ಲಿ ಇವೆಯೆಂದು ಕಾಲಿಗೆ ಗೊತ್ತಿತ್ತು. ಡ್ರಾಯಿಂಗ್ ಮಾಸ್ತರರ ಬಡಬಡಿಕೆ ನೆನಪಾಯಿತು.

"ಮುಕುಂದಣ್ಣ."

ವಿನುತ. ಬೀದಿಯಿಂದಲೇ ಹಿಂಬಾಲಿಸಿ ಬಂದಿದ್ದಳಂತೆ. ಜೋರಾಗಿ ಕರೆದರೆ ಎಲ್ಲಿ ಬೆಚ್ಚಿಬೀಳುವೆನೋ ಎಂದು ಪಿಸುಮಾತಿನಲ್ಲೇ ಕರೆದಿದ್ದಳು.

"ಹಿಂದೆ ಬಾ. ತಿರುಗಬೇಡ, ಹಂಗೇ ಹಿಂದೆ ಬಾ."

ಬಂದೆ. ಅವಳು ನನ್ನ ಅಂಗಿಯನ್ನು ಹಿಂದಿನಿಂದ ಹಿಡಿದು ಹುಣಸೆ ಮರದವರೆಗೂ ಎಳೆದುಕೊಂಡು ಹೋದಳು. ಕೈ ಬಿಟ್ಟ ಮೇಲೆ ಅವಳೇ ಅಳತೊಡಗಿದಳು.

"ದಿಮ್ಮಿ ಮೇಲೆ ನೀನು ಕೂತದ್ದನ್ನ ಮೊದಲನೇ ದಿನಾನೇ ನೋಡಿದೆ. ನನಗೇನೋ ಬದನೆಕಾಯಿ ಬಂತು ಅಂತ ನಗಾಡಿದ್ವಿ. ನಿನಗೆ ಬರ್ತಿರೋದು ಏನು ಅಂತ ಗೊತ್ತಾ? ಎದ್ದುಬಿಡಣ್ಣ. ಈಗಲೂ ಕಲ್ಲಿಡೋಣ."

"ನಾನು ಕೂತಾಯ್ತಲ್ಲ. ಇನ್ನು ಕಲ್ಲು ಹೀರಲ್ಲ. ನಾನು ಬದುಕಿರೋನು, ಒಪ್ಪಿಸಿಯೇ ಏಳಬೇಕು."

"ಹಂಗಾದ್ರೆ ಒಪ್ಪಿಸು. ನನ್ನೆದುರಿಗೆ ಹೇಳು. ಏನೇನು ಬಂದಿದೆಯೋ ಎಲ್ಲ ಹೇಳು."

"ಇನ್ನೂ ಪೂರ್ತಿ ಬಂದಿಲ್ಲ."

"ಬರೋವರೆಗೂ ಕಾಯ್ತೀಯಾ? ಆಲ್ಬಮ್ ಹಾಳಾಗಿ ಹೋಗ್ಲಿ!"

"ಆಲ್ಬಮ್ಮಿಗಲ್ಲ," ಎಂದೆ. "ಅಂಬುಜಕ್ಕ ಕಾಯ್ತಿದ್ದಾಳೆ."

ಅದು ನಿಜವೇ. ಪ್ರತಿ ಭಾನುವಾರ ಅವಳು ಶೆಡ್ಡಿನ ಹೊರಗೆ ಬಂದು ನಿಲ್ಲುತ್ತಿದ್ದಳು. ಮರದ ರಾಶಿಗಳು ಬೇಕಾದಷ್ಟಿದ್ದರೂ ಎಲ್ಲಿಯೂ ಕೂರುತ್ತಿರಲಿಲ್ಲ. ನಾನು ಹೊರಬಂದಾಗ ಮುಖ ನೋಡುತ್ತಿದ್ದಳು. ನಾನು ಇಲ್ಲ ಎಂದು ತಲೆಯಾಡಿಸಿದರೆ ಹೊರಟುಹೋಗುತ್ತಿದ್ದಳು. ಆದರೆ ವಿನುತಳಿಗೆ ಹೇಳುವಾಗ ನನ್ನ ಮನಸ್ಸಿನಲ್ಲಿದ್ದದ್ದು ಅದೊಂದೇ ಅಲ್ಲ. ನನಗೆ ಭಯವಿತ್ತು, ಮೈಯೆಲ್ಲ ಹರಡಿಕೊಂಡ ಭಯ. ಸಾಯುತ್ತೇನೆಂಬುದು ಅದರಲ್ಲಿ ಅರ್ಧ ಮಾತ್ರ. ಪ್ರೆಸ್ಸಿನ ಕಿಟಕಿಯಿಂದ ಒಮ್ಮೆ ಕೇಳಿದ್ದನ್ನು ಇನ್ನೊಂದು ತುದಿಯಿಂದ ಕೇಳಬೇಕಾಗುತ್ತದಲ್ಲ, ಉಳಿದರ್ಧ ಅದು. ಅವನು ತಾನಾಗಿಯೇ ಹಾರಿದ್ದನೆಂದು ಗೊತ್ತಾಗಲಿ ಎಂದು ನಾನು ಒಳಗೊಳಗೇ ಹಾರೈಸುತ್ತಿದ್ದೆ. ಹಾರುವವನು ಯಾರನ್ನೂ ಕರೆಯುವುದಿಲ್ಲ. ಆಗ ಆ ಕಿರುಚಾಟ ಬೇರೆ ಯಾರದೋ ಆಗುತ್ತಿತ್ತು. ಅವನ ಅಕ್ಕ ಯಾವುದನ್ನು ಕೇಳಲು ಹೆದರಿದ್ದಳೋ, ನಾನು ಅದನ್ನೇ ಬೇಡುತ್ತಿದ್ದೆ.

ಎಂಟನೆಯ ಹಾಡಿನ ನಡುವೆ ಉಮಾಪತಿ ನಲವತ್ತು ಸೆಕೆಂಡು ಖಾಲಿ ಬಿಟ್ಟಿದ್ದ. ಅಲ್ಲಿ ಅವನ ಗಿಟಾರೊಂದೇ ಮುಂದೆ ಬಂದು ನುಡಿಯುವ ಸೋಲೋ ಬರಬೇಕು. ಏನೆಂದು ಯಾರಿಗೂ ಹೇಳಿರಲಿಲ್ಲ. "ಇನ್ನೂ ಸಿಕ್ಕಿಲ್ಲ ದೊರೆ, ಹುಡುಕ್ತಿದ್ದೀನಿ," ಎಂದಷ್ಟೇ ಹೇಳುತ್ತಿದ್ದ. ನಾಲ್ಕನೆಯ ಭಾನುವಾರ ಅದೊಂದೇ ಉಳಿದಿತ್ತು. ವಿನುತ ಕೊಟ್ರೇಶನಿಗೆ ಎಲ್ಲ ಹೇಳಿದ್ದಳು. ಅವನ ಮುಖ ಕಪ್ಪಿಟ್ಟಿತ್ತು.

"ಬೇಡ ಬಿಡಲೇ. ಖಾಲಿ ಇರಲಿ. ಖಾಲಿ ಬಿಟ್ಟೇ ಹಾಕೋಣ ಆಲ್ಬಮ್ಮು. ನಿಂತೋನಿಗೆ ಜಾಗ ಇಲ್ಲ ಅಂದೋನು ನಾನು. ನಿನಗೇನಾದ್ರೂ ಆದ್ರೆ..."

"ಒಂದೇ ಸಲ ನುಡಿಸ್ತೀನಿ," ಎಂದೆ. "ಹಗ್ಗ ಕಟ್ಟಬೇಕಾದ್ರೆ ಕಟ್ಟಿ."

ತಮಾಷೆಗೆ ಅಂದದ್ದು. ಮಕ್ಬೂಲ್ ನಿಜವಾಗಿಯೂ ಮೈಕಿನ ವೈರಿನಿಂದ ನನ್ನ ಸೊಂಟವನ್ನು ಶೆಡ್ಡಿನ ಕಂಬಕ್ಕೆ ಕಟ್ಟಿದ. ಯಾರೂ ನಗಲಿಲ್ಲ. ವಿನುತ ನಾಲ್ಕು ಎಣಿಸಿದಳು.

ಖಾಲಿ ಜಾಗ ಬಂದಾಗ ಬೆರಳುಗಳು ನನ್ನನ್ನು ಬಿಟ್ಟು ಹೊರಟವು. ಕಾಲ ಕೆಳಗೆ ಪಾಚಿ ತಣ್ಣಗೆ ತಗುಲಿತು. ಸೋಲೋ ಹುಡುಕಿಕೊಂಡೇ ಬಂದಿದ್ದಾನೆ ಅವನು. ಸಿಳ್ಳೆಯಲ್ಲಿ ಸ್ವರ ಹಿಡಿದು ಕಲ್ಲಿನ ಗೋಡೆಗೆ ಎಸೆದರೆ ಗೋಡೆ ಹಿಂದಕ್ಕೆ ಕೊಡುತ್ತದೆ, ಕೊಟ್ಟದ್ದರ ಮೇಲೆ ಇನ್ನೊಂದು ಇಡಬೇಕು. ಮೇಲಿನಿಂದ ಸರಿಯಾಗಿ ಕೇಳಿಸುತ್ತಿಲ್ಲ. ಚಪ್ಪಲಿ ಜಾರುತ್ತದೆಂದು ಬಿಟ್ಟು, ಬರಿಗಾಲಲ್ಲಿ ಇಳಿಯುತ್ತಿದ್ದಾನೆ. ಖುಷಿಯಲ್ಲಿದ್ದಾನೆ. ಅಕ್ಕನ ಬೈಗುಳ ಅವನ ತಲೆಯಲ್ಲಿ ಎಲ್ಲಿಯೂ ಇಲ್ಲ. ಸ್ವರ ಸಿಕ್ಕಿತು, ಅದೇ ಕ್ಷಣಕ್ಕೆ ಕಾಲು ಹೋಯಿತು. ಒಂದು ಚಾಚುಗಲ್ಲಿನ ಮೇಲೆ ಬಿದ್ದ. ಬಲ ಮಂಡಿಯ ಕೆಳಗೆ ಮೂಳೆ ಇಲ್ಲವೆನ್ನುವ ಹಾಗೆ ಆಗಿತ್ತು. ಮೇಲೆ ಕ್ವಾರಿಯ ಅಂಚು, ಅಂಚಿನಾಚೆ ಒಂದು ತಗಡಿನ ಮಾಡು. ಆ ಮಾಡು ಯಾವುದೆಂದು ಅವನಿಗೆ ಗೊತ್ತಿತ್ತು. ಅಲ್ಲಿ ಯಾರು ಕೂತಿರುತ್ತಾರೆಂದೂ ಗೊತ್ತಿತ್ತು. ಮೊದಲು ಯಾರಾದರೂ ಬನ್ರೋ ಎಂದು ಕೂಗಿದ. ಆಮೇಲೆ ಅಕ್ಕಾ ಎಂದ. ಆಮೇಲೆ ನನ್ನ ಹೆಸರು. ಕೂಗಿ ನಿಲ್ಲಿಸಿದಾಗ ಪ್ರೆಸ್ಸಿನ ಯಂತ್ರದ ಟಕಟಕ ಅವನಿಗೆ ಕೇಳಿಸುತ್ತಿತ್ತು. ಇಷ್ಟು ಹತ್ತಿರ ಇದ್ದಾನೆ, ಕೇಳಿಸಿರುತ್ತದೆ, ಚಪ್ಪಲಿ ಮೆಟ್ಟಿಕೊಂಡು ಬರುತ್ತಿರಬೇಕು ಎಂದುಕೊಂಡ. ಬಿಸಿಲು ಎದುರಿನ ಗೋಡೆಯ ಮೇಲೆ ಗೇಣು ಗೇಣಾಗಿ ಏರಿತು. ಗೋಡೆಯ ತುದಿಗೆ ಬಿಸಿಲು ಬರುವವರೆಗೂ ಅವನು ಹಾಗೆಯೇ ಅಂದುಕೊಳ್ಳುತ್ತಿದ್ದ. ಆಮೇಲೆ ಮೈ ಮರಗಟ್ಟಿ, ಕೈ ಸಡಿಲವಾಗಿ, ನೀರು.

ಕಣ್ಣು ಬಿಟ್ಟಾಗ ಹಾಡು ಮುಗಿದಿತ್ತು. ಸೊಂಟಕ್ಕೆ ಕಟ್ಟಿದ ವೈರು ಚರ್ಮಕ್ಕೆ ಕಚ್ಚಿತ್ತು. ನಾನು ಮುಂದಕ್ಕೆ ಅಷ್ಟು ಜಗ್ಗಿದ್ದೆನಂತೆ. ಮಕ್ಬೂಲ್ ಹೆಡ್‌ಫೋನ್ ತೆಗೆದು ಮೊಣಕಾಲ ಮೇಲಿಟ್ಟುಕೊಂಡ.

"ಇದು ಅವನದೇ," ಎಂದ. ಕೊಟ್ರೇಶ ಗೋಡೆಯ ಕಡೆ ತಿರುಗಿ ನಿಂತಿದ್ದ.

ವಿನುತ ಕಟ್ಟು ಬಿಚ್ಚಿ, "ಏನು ಬಂತು?" ಎಂದು ಕೇಳಿದಳು. ನಾನು ಗಿಟಾರ್ ಕೆಳಗಿಟ್ಟು ಹೊರಗೆ ಬಂದೆ.

ಮಧ್ಯಾಹ್ನದ ಬಿಸಿಲಿನಲ್ಲಿ ಅಂಬುಜಕ್ಕ ನಿಂತಿದ್ದಳು. ನನ್ನ ಮುಖ ನೋಡಿದವಳು ಈ ಸಲ ನನ್ನ ತಲೆಯಾಡಿಸುವಿಕೆಗೆ ಕಾಯಲಿಲ್ಲ.

"ಬಂತಾ?"

"ಬಂತಕ್ಕ."

ಅವಳು ಎರಡೂ ಕೈಯಿಂದ ಸೆರಗಿನ ತುದಿ ಹಿಡಿದುಕೊಂಡಳು. "ಹೇಳು."

"ಕಾಲು ಜಾರಿತು. ಹಾಡು ಹುಡುಕೋಕೆ ಹೋಗಿದ್ದ. ಸಿಳ್ಳೆ ಹಾಕ್ತಾ ಇಳೀತಿದ್ದ. ಅದಕ್ಕೇ ಚಪ್ಪಲಿ ಬಿಟ್ಟಿದ್ದು. ಖುಷಿಯಾಗಿದ್ದ ಅಕ್ಕ."

"ನಾನು ಬೈದದ್ದು?"

"ಅದು ಅವನ ತಲೇಲೇ ಇರಲಿಲ್ಲ."

ಅವಳು ನಿಧಾನವಾಗಿ ಬಗ್ಗಿ, ಹಿಂದಿದ್ದ ಮರದ ರಾಶಿಯನ್ನು ಕೈಯಿಂದ ತಡಕಿ, ಅದರ ಮೇಲೆ ಕೂತಳು. ಅಷ್ಟು ವಾರಗಳಲ್ಲಿ ಅವಳು ಕೂತದ್ದನ್ನು ನಾನು ಕಂಡದ್ದು ಅದೇ ಮೊದಲು. ಸದ್ದಿಲ್ಲದೆ ಅತ್ತಳು. ಕಣ್ಣೀರಿನ ನಡುವೆಯೇ ಒಮ್ಮೆ ನಕ್ಕಳು, "ಸಿಳ್ಳೆ ಹಾಕಬೇಡ, ಹಾವು ಬರ್ತದೆ ಅಂತಿದ್ದೆ," ಎಂದು. ಆಮೇಲೆ ತಲೆ ಎತ್ತಿದಳು.

"ತುಂಬ ನೋವಾಯ್ತಾ ಅವನಿಗೆ?"

"ಇಲ್ಲಕ್ಕ. ಕಣ್ಣು ಮಿಟುಕಿಸೋ ಅಷ್ಟರಲ್ಲಿ ಮುಗೀತು."

"ಏನಾದ್ರೂ ಅಂದ್ನಾ? ಯಾರನ್ನಾದ್ರೂ ಕರೆದ್ನಾ?"

"ಕರೆಯೋಕೆ ಹೊತ್ತೆಲ್ಲಿತ್ತಕ್ಕ," ಎಂದೆ.

ಅವಳು ನನ್ನ ತಲೆ ಸವರಿದಳು. ದೊಡ್ಡ ಉಪಕಾರ ಮಾಡಿದೆ ಎಂದಳು. ಸತ್ತವನ ಜಾಗದಲ್ಲಿ ಕಲ್ಲಿಲ್ಲದೆ ಕೂತೆಯಲ್ಲಪ್ಪ, ನಿನ್ನ ಹೊಟ್ಟೆ ತಣ್ಣಗಿರಲಿ ಎಂದಳು.

ಆಲ್ಬಮ್ ಹೊರಬಂತು. ಗಿಡ್ಡಯ್ಯನಿಗೆ ಅದರಲ್ಲಿಯೂ ಪದ ತಿಳಿಯಲಿಲ್ಲ. ಆದರೆ ಎಂಟನೆಯ ಹಾಡಿನ ನಲವತ್ತು ಸೆಕೆಂಡು ಬಂದಾಗ ಪ್ರೆಸ್ಸಿನ ಬೀದಿಯವರು ಮನೆಯ ಬಾಗಿಲು ಹಾಕಿಕೊಳ್ಳುತ್ತಾರೆ ಎಂದು ಕೇಳಿದ್ದೇನೆ. ನನಗೆ ಮಂಡಿ ನೋವು ಹೆಚ್ಚಾಗಿದೆ. ಬುಧವಾರ ಮೂರೂವರೆಗೆ ಕರಿಬಸಯ್ಯನವರು ತಾವೇ ಎದ್ದು ಬಂದು ನನ್ನ ಮೇಜಿನ ಎದುರು ಕೂರುತ್ತಾರೆ. ಎದ್ದು ಹೊರಟರೆ ಅವರು ಬಾಗಿಲಿಗೆ ಅಡ್ಡ ಬರುತ್ತಾರೆಂದು ನನಗೆ ಗೊತ್ತು. ಇನ್ನು ಏಳು ತಿಂಗಳಿಗೆ ಉಮಾಪತಿ ಸತ್ತು ವರ್ಷ ತುಂಬುತ್ತದೆ. ಆ ದಿನವನ್ನು ದಾಟುತ್ತೇನೋ ಇಲ್ಲವೋ ತಿಳಿಯದು.

ವಿನುತ ಪ್ರತಿ ಭಾನುವಾರ ಕೇಳುತ್ತಾಳೆ. ಒಪ್ಪಿಸಿ ಎದ್ದುಬಿಡಣ್ಣ, ನಾನು ಎದುರು ಕೂರ್ತೀನಿ, ಯಾರಿಗೂ ಹೇಳಲ್ಲ ಅನ್ನುತ್ತಾಳೆ. ಎರಡು ಸಲ ಅವಳ ಎದುರು ಕೂತೂ ನೋಡಿದೆ. ಸಕ್ಕರೆ ಬೇಡವಾದದ್ದು ಹೇಳಿದೆ, ದೊರೆ ಎನ್ನುವುದು ಹೇಳಿದೆ, ಅಂಗಾಲಿಗೆ ತಗುಲಿದ ಪಾಚಿಯ ತಣ್ಣನೆಯವರೆಗೂ ಹೇಳಿದೆ. ಅಲ್ಲಿಂದ ಮುಂದೆ ಬಾಯಿ ಬರಲಿಲ್ಲ. ದಿಮ್ಮಿಯ ಮೇಲೆ ಕೂತೇ ಇದ್ದೇನೆ.

ಉಮಾಪತಿ ಆ ಚಾಚುಗಲ್ಲಿನ ಮೇಲೆ ಬಹಳ ಹೊತ್ತು ಬದುಕಿದ್ದ. ನನ್ನ ಹೆಸರು ಹಿಡಿದು ಕೂಗಿದ, ನಾನು ಬರುತ್ತೇನೆಂದು ಕಾದ. ಆ ಕೂಗು ನನಗೆ ಕೇಳಿಸಿತ್ತು, ಚೆನ್ನಾಗಿ ಬರುತ್ತಿದೆ ಎಂದು ನಾನು ಹೇಳಿದ್ದೆ. ಇದನ್ನು ನಾನು ಅಂಬುಜಕ್ಕನಿಗೆ ಹೇಳಲಿಲ್ಲ.